ಖಾಲಿ ಗೋದಾಮಿನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕು. ಇಲ್ಲವಾದರೆ ಪಂಡಿತರು ಹೊಸ್ತಿಲು ದಾಟುವುದಿಲ್ಲ. ವಿಷಯ: ಡ್ರಾಪ್‌ಶಿಪ್ಪಿಂಗ್, ಎಂದರೆ ತನ್ನ ಬಳಿ ಇಲ್ಲದ ಸರಕನ್ನು ತಾನು ಕಾಣದ ಗಿರಾಕಿಗೆ ಮೂರನೆಯವನ ಗೋದಾಮಿನಿಂದ ಕಳಿಸಿ, ನಡುವಿನ ಮಾರ್ಜಿನ್ ಉಳಿಸಿಕೊಳ್ಳುವ ಆನ್‌ಲೈನ್ ವಿದ್ಯೆ. ನೀರೊಳಗಿನ ಎಮ್ಮೆಯನ್ನು ದಡದಲ್ಲಿ ನಿಂತು ಮಾರುವುದೆಂದು ನಮ್ಮ ಹಿರಿಯರು ಇದನ್ನೇ ಹೇಳಿದ್ದರು, ಆಗ ಎಮ್ಮೆಯಾದರೂ ಕೆರೆಯಲ್ಲಿರುತ್ತಿತ್ತು. ಪ್ರಯೋಜನ: ಗೋದಾಮಿನ ಬಾಡಿಗೆ ಉಳಿತಾಯ. ಸಂಬಂಧ: ಸಪ್ಲೈಯರ್ ಫೋನ್ ಎತ್ತುವವರೆಗೆ.

ಇನ್ನು ನಾಲ್ಕನೆಯದು ಅಧಿಕಾರಿ, ಎಂದರೆ ಶಾಸ್ತ್ರ ಕಲಿಯಲು ಅರ್ಹನಾದವನು. ವೇದಾಂತಿಗಳು ಸಾಧಕನಲ್ಲಿ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕನ್ನು ಕೇಳುತ್ತಾರೆ. ನಮ್ಮ ಶಾಸ್ತ್ರಕ್ಕೂ ಇಷ್ಟೇ ಸಾಕು. ವಿವೇಕವೆಂದರೆ ಯಾವ ಯೂಟ್ಯೂಬ್ ಗುರು ನಿತ್ಯ, ಯಾವನು ಅನಿತ್ಯ ಎಂಬ ತಿಳಿವಳಿಕೆ. ವೈರಾಗ್ಯ ಮ್ಯಾನೇಜರನ ಮೇಲಿನದು. ಅದಕ್ಕೆ ಬೇರೆ ಸಾಧನೆ ಬೇಡ. ಶಮದಮಗಳ ಪರೀಕ್ಷೆ ಪಾರ್ಸೆಲ್ ವಾಪಸ್ ಬಂದ ದಿನ ನಡೆಯುತ್ತದೆ. ಮುಮುಕ್ಷುತ್ವವಂತೂ ಬೆಳಿಗ್ಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಎಂಥ ಜಡನಲ್ಲೂ ಹುಟ್ಟುತ್ತದೆ.

ಈಗ ಪೂರ್ವಪಕ್ಷ, ಎಂದರೆ ಎದುರಾಳಿಯ ವಾದ. ಈ ವ್ಯಾಪಾರಕ್ಕೊಂದು ಮಾದರಿ ಆರಿಸುವುದೆಂದರೆ ಏನು ಮಾರಬೇಕೆಂದು ಆರಿಸುವುದು, ಮೊಬೈಲ್ ಕವರೋ, ಬೆಕ್ಕಿನ ಬಾಚಣಿಗೆಯೋ, ಬೆನ್ನು ನೆಟ್ಟಗಾಗಿಸುವ ಬೆಲ್ಟೋ ಎಂದು ಕೆಲವರು ವಾದಿಸುತ್ತಾರೆ. ಇದು ಅಸಂಗತ. ಸರಕು ಯಾವುದಾದರೇನು, ಅದು ನಿಮ್ಮ ಬಳಿ ಇಲ್ಲ. ಬಾಚಣಿಗೆ ಇಲ್ಲದವನಿಗೂ ಬೆಲ್ಟ್ ಇಲ್ಲದವನಿಗೂ ಗೋದಾಮು ಒಂದೇ ಅಳತೆಯದು. ಪ್ರತಿಯೋಗಿ, ಎಂದರೆ ಇಲ್ಲದಿರುವ ವಸ್ತು, ಬೇರೆಯಾದರೆ ಅಭಾವವೂ ಬೇರೆಯಲ್ಲವೇ ಎಂದು ನವ್ಯನ್ಯಾಯದವರು ಜಗಳಕ್ಕೆ ಬರಬಹುದು. ಅವರಿಗೆ ಅಡಿಟಿಪ್ಪಣಿಯಲ್ಲಿ ಉತ್ತರ ಕೊಡುತ್ತಿದ್ದೆ; ಅಡಿಟಿಪ್ಪಣಿಯ ಸ್ಟಾಕ್ ಮುಗಿದಿದೆ.

ಹಾಗಾದರೆ ಆರಿಸಬೇಕಾದದ್ದು ಏನನ್ನು? ಎಂಥ ಅಭಾವವನ್ನು ಮಾರಬೇಕು ಎಂಬುದನ್ನು. ನ್ಯಾಯ-ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿ, ಅದರಲ್ಲಿ ನಾಲ್ಕು ಬಗೆ ಮಾಡಿಟ್ಟಿದ್ದಾರೆ. ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದ ಪಾಠಶಾಲೆಯ ಹುಡುಗರಿಗೆ ಇದು ಬಾಯಿಪಾಠ. ಕೊರಿಯರ್ ಕಂಪನಿಯ ಮುಖ ನೋಡದೆ ಆ ಮಹನೀಯರು ಈ ವ್ಯಾಪಾರದ ನಾಲ್ಕೂ ಮಾದರಿಗಳನ್ನು ವಿಂಗಡಿಸಿದ್ದು ಹೇಗೆಂಬುದು ಬೇರೆ ಸಂಶೋಧನೆಗೆ ಬಿಟ್ಟ ವಿಷಯ.

ಮೊದಲನೆಯದು ಪ್ರಾಗಭಾವ. ಮಡಕೆಯಾಗುವ ಮುನ್ನ ಮಣ್ಣಿನಲ್ಲಿ ಮಡಕೆ ಇಲ್ಲ. ಈ ಇಲ್ಲದಿರುವಿಕೆಗೆ ಆದಿಯಿಲ್ಲ, ಅಂತ್ಯವುಂಟು. ಪ್ರಿಂಟ್ ಆನ್ ಡಿಮಾಂಡ್ ಎಂಬ ಮಾದರಿ ಇದೇ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಬರೆದ ಟೀ ಶರ್ಟು ಸೃಷ್ಟಿಯ ಆದಿಯಿಂದಲೂ ಇರಲಿಲ್ಲ. ಗಿರಾಕಿ ಯುಪಿಐನಲ್ಲಿ ದುಡ್ಡು ಹಾಕಿದ ಮೇಲೆ ತಿರುಪ್ಪೂರಿನಂಥ ಊರಿನ ಬಿಳಿ ಬನಿಯನ್ನಿನ ಮೇಲೆ ಅಕ್ಷರ ಮೂಡಿ ಪ್ರಾಗಭಾವ ನಾಶವಾಗುತ್ತದೆ. ಉಳಿದುಹೋಗುವ ಮಾಲಿಲ್ಲ, ಅದು ಗುಣ. ಒಂದೊಂದೇ ಅಚ್ಚು ಹಾಕುವ ಖರ್ಚು ಮಾರ್ಜಿನ್ನನ್ನು ನುಂಗುತ್ತದೆ, ವಾಪಸ್ ಬಂದ ಎಕ್ಸ್ಎಲ್ ಸೈಜನ್ನು ಇನ್ನೊಬ್ಬರು ಕೊಳ್ಳುವುದಿಲ್ಲ, ಅದು ದೋಷ. ದೋಷವೇ ಭಾರ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ನಾಲ್ಕರಲ್ಲಿ ರಾತ್ರಿ ನಿದ್ದೆ ಬರಿಸುವುದು ಇದೊಂದೇ.

ಎರಡನೆಯದು ಪ್ರಧ್ವಂಸಾಭಾವ: ಮಡಕೆ ಒಡೆದ ಮೇಲಿನದು. ಆದಿಯುಂಟು, ಅಂತ್ಯವಿಲ್ಲ. ಚೀನಾದಿಂದ ಮಾಲು ಕಳಿಸುವ ಮಾದರಿ ಇದು. ಚೀನಾದ ಆಲಿಎಕ್ಸ್‌ಪ್ರೆಸ್ ಎಂಬ ಆನ್‌ಲೈನ್ ಸಂತೆ 2010ರಲ್ಲಿ ಬಂತು. ಅಲ್ಲಿಯ ಮಾಲನ್ನು ವ್ಯಾಪಾರಿಗಳು ಒಂದೇ ಗುಂಡಿ ಒತ್ತಿ ತಮ್ಮ ಅಂಗಡಿಯಲ್ಲಿ ತೂಗುಹಾಕಲು ಲಿಥುವೇನಿಯಾದ ಓಬರ್ಲೋ ಎಂಬ ಸಾಧನ ಹುಟ್ಟಿತು. 2017ರಲ್ಲಿ ಅದನ್ನು ಆನ್‌ಲೈನ್ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾರುವ ಶಾಪಿಫೈ ಕೊಂಡಿತು, 2022ರಲ್ಲಿ ಮುಚ್ಚಿತು. ನಡುವೆ 2020ರ ನವೆಂಬರಿನಲ್ಲಿ ಭಾರತ ಸರ್ಕಾರ ಆಲಿಎಕ್ಸ್‌ಪ್ರೆಸ್ ಸೇರಿದಂತೆ 43 ಆ್ಯಪ್‌ಗಳನ್ನು ನಿಷೇಧಿಸಿತು. ಇಷ್ಟಾದರೂ ಚೀನಾ ಮಾದರಿಯನ್ನು ಬೋಧಿಸುವ ವಿಡಿಯೋಗಳು ಇನ್ನೂ ಓಡುತ್ತಿವೆ. ಒಡೆದ ಮಡಕೆಯ ಚೂರಿಗೂ ಪ್ರೇಕ್ಷಕರಿದ್ದಾರೆ.

ಮೂರನೆಯ ಅನ್ಯೋನ್ಯಾಭಾವವೇ ನಮ್ಮ ದೇಶದ ನಿಜವಾದ ಕಾರ್ಯಕ್ಷೇತ್ರ. ಘಟವು ಪಟವಲ್ಲ, ಪಟವು ಘಟವಲ್ಲ, ಒಂದು ಇನ್ನೊಂದಲ್ಲದಿರುವಿಕೆ. ಸೂರತ್ತಿನ ಸಗಟು ವ್ಯಾಪಾರಿ ಕ್ಯಾಟಲಾಗ್ ಕಳಿಸುತ್ತಾನೆ. ಅದರಲ್ಲಿ ಮುಂಬೈ ಕಡೆಯ ರೂಪದರ್ಶಿ ಸಂಜೆಬೆಳಕಿನಲ್ಲಿ ಉಟ್ಟ ಸೀರೆ. ಅದೇ ಫೋಟೋ ನೂರು ಅಂಗಡಿಗಳಲ್ಲಿ ನೂರು ದರದಲ್ಲಿ ತೂಗುತ್ತದೆ. ಹುಬ್ಬಳ್ಳಿಯ ಅಕ್ಕ ಆರ್ಡರ್ ಮಾಡಿದ್ದು ಫೋಟೋದ ಸೀರೆ, ಬಂದದ್ದು ಕವರಿನ ಸೀರೆ. ಫೋನು ಬರುತ್ತದೆ: “ಏನ್ರೀ ಇದು, ಸೀರಿ ಅಂದ್ರ ಸೊಳ್ಳಿ ಪರದೆ ಕಳ್ಸೀರಲ್ಲ!” ತರ್ಕದ ಪ್ರಕಾರ ಆಕೆಯ ಮಾತು ನಿರ್ದುಷ್ಟ: ಪಟವು ಪಟವೇ ಆದರೂ ಈ ಪಟವು ಆ ಪಟವಲ್ಲ. ಕಾನೂನೂ ಆಕೆಯ ಪಕ್ಷದಲ್ಲಿದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಂತೆ ಜಾಹೀರಾತಿನಲ್ಲಿ ತೋರಿಸಿದ ಗುಣವಿಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲು ಮಾರುವವನು ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆತ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ತಿಂಗಳೊಳಗೆ ಬಗೆಹರಿಸಬೇಕು. ಬೆಂಗಳೂರಿನ ಗಿರಿನಗರದ ಒಂದು ಬೆಡ್‌ರೂಮಿನಲ್ಲಿ ಮಾಲೀಕ, ಗುಮಾಸ್ತ, ಕುಂದುಕೊರತೆ ಅಧಿಕಾರಿ ಮೂವರೂ ಒಂದೇ ಲುಂಗಿಯಲ್ಲಿ ಕೂತಿರುವ ದೃಶ್ಯ ಅದ್ವೈತಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡವೆನ್ನುವಂತಿದೆ.

ತೆರಿಗೆಶಾಸ್ತ್ರವಂತೂ ಇನ್ನೂ ಸೂಕ್ಷ್ಮ. 2017ರ ಐಜಿಎಸ್‌ಟಿ ಕಾಯ್ದೆಯ ಹತ್ತನೆಯ ಕಲಮಿನಲ್ಲಿ, ಮೂರನೆಯವನ ಸೂಚನೆಯಂತೆ ಮಾಲು ಬೇರೊಬ್ಬರಿಗೆ ತಲುಪಿದರೆ, ಸೂಚನೆ ಕೊಟ್ಟವನೇ ಮಾಲು ಪಡೆದನೆಂದು ಭಾವಿಸತಕ್ಕದ್ದು ಎಂದಿದೆ. ಲೆಕ್ಕಪತ್ರದವರು ಇದನ್ನು ಬಿಲ್ ಟು ಶಿಪ್ ಟು ಎನ್ನುತ್ತಾರೆ. ಹೀಗಾಗಿ ಸೂರತ್ತಿನ ಸೀರೆ ಲಾರಿ ಹತ್ತಿದ್ದು ಒಂದೇ ಸಲ, ಬಿಲ್ಲು ಎರಡು: ಸೂರತ್ತಿನವನು ಬೆಂಗಳೂರಿನವನಿಗೆ ಹಾಕುವ ಐಜಿಎಸ್‌ಟಿ, ಬೆಂಗಳೂರಿನವನು ಹುಬ್ಬಳ್ಳಿಗೆ ಹಾಕುವ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ. ಸೀರೆಯ ಸೆರಗನ್ನೂ ನೋಡದವನು ಅದನ್ನು ಪಡೆದಿದ್ದಾನೆ ಎಂದು ಸಂಸತ್ತು ಒಪ್ಪಿದೆ. ಮಾಯಾವಾದವನ್ನು ಖಂಡಿಸುವ ದ್ವೈತಿಗಳು ಈ ಕಲಮಿನ ಕಡೆಗೊಮ್ಮೆ ಗಮನ ಕೊಡಬೇಕು.

ಗಣಿತಪಾದ. ಸಪ್ಲೈಯರ್ ದರ 300, ನಮ್ಮ ದರ 799, ಒಂದೊಂದು ಆರ್ಡರಿಗೆ ಜಾಹೀರಾತು 200, ಕೊರಿಯರ್ ಹೋಗಲು 80, ಬರಲು 80 ಎಂದಿಟ್ಟುಕೊಳ್ಳಿ. ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಹತ್ತು ಪಾರ್ಸೆಲ್ ಹೋದವು, ಮೂರು ಆರ್‌ಟಿಒ ಆದವು, ಅಂದರೆ ಹೊರಟಲ್ಲಿಗೇ ಮರಳಿದವು. ಏಳರಿಂದ ಬಂದದ್ದು 5,593. ಮಾಲಿಗೆ 2,100, ಜಾಹೀರಾತಿಗೆ 2,000, ಕೊರಿಯರಿಗೆ 1,040 ಕಳೆದರೆ ಉಳಿಯುವುದು 453 ರೂಪಾಯಿ. ತೆರಿಗೆ ಇನ್ನೂ ಅದರ ಮುಖ ನೋಡಿಲ್ಲ. ನಾಲ್ಕನೆಯದೂ ಮರಳಿತೆನ್ನಿ. ಬಂದದ್ದು 4,794, ಹೋದದ್ದು 4,920; ಕೈಯಿಂದ 126 ಖೋತಾ. ಲಾಭ-ನಷ್ಟಗಳ ನಡುವಿನ ಗೆರೆ ಮಾರುಕಟ್ಟೆಯಲ್ಲಿಲ್ಲ, ಮಾದರಿಯಲ್ಲೂ ಇಲ್ಲ. ಡೆಲಿವರಿ ಹುಡುಗ ಬೆಲ್ ಮಾಡಿದಾಗ ನಾಲ್ಕನೆಯ ಮನೆಯ ಅಜ್ಜಿ “ನಮ್ಮನೇಲಿ ಯಾರೂ ಏನೂ ತರ್ಸಿಲ್ಲಪ್ಪ” ಎನ್ನುತ್ತಾರೋ ಇಲ್ಲವೋ ಎಂಬುದರಲ್ಲಿದೆ. ಹಾಗಾಗಿ ಮಾದರಿ ಆರಿಸುವವನು ಕೇಳಬೇಕಾದ ಮೊದಲ ಪ್ರಶ್ನೆ ಮಾಲು ಹೋಗುವ ದಾರಿಯದಲ್ಲ, ಮರಳುವ ದಾರಿಯದು: ಆ 80 ರೂಪಾಯಿ ಯಾರದು? ಇದನ್ನು ಸಪ್ಲೈಯರ್ ಬಳಿ ಮೊದಲೇ ಬರವಣಿಗೆಯಲ್ಲಿ ಕೇಳದವನಿಗೆ ಉಳಿದ ಶಾಸ್ತ್ರವೆಲ್ಲ ವ್ಯರ್ಥ.

ನಾಲ್ಕನೆಯದು ಅತ್ಯಂತಾಭಾವ. ವಾಯುವಿಗೆ ರೂಪವಿಲ್ಲ, ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರದು. ಡ್ರಾಪ್‌ಶಿಪ್ಪಿಂಗ್ ಕಲಿಸುವ ಕೋರ್ಸು ಮಾರುವವನ ಮಾದರಿ ಇದು. ಮಾಲಿಲ್ಲ, ಕೊರಿಯರಿಲ್ಲ, ಆರ್‌ಟಿಒ ಇಲ್ಲವೇ ಇಲ್ಲ. ಶುದ್ಧ ತರ್ಕದಿಂದ ಹೋದರೆ ಇದೇ ಉತ್ತಮೋತ್ತಮ. ಕೆನಡಾದ ಟೋಬಿ ಲುಟ್ಕೆ 2004ರಲ್ಲಿ ಸ್ನೋಬೋರ್ಡ್ ಮಾರಲು ಹೊರಟು, ಅದಕ್ಕೆಂದು ಕಟ್ಟಿದ ಅಂಗಡಿಯ ಸಾಫ್ಟ್‌ವೇರನ್ನೇ 2006ರಲ್ಲಿ ಶಾಪಿಫೈ ಎಂದು ಮಾರಲು ಕೂತದ್ದನ್ನು ಕೆಲವರು ಈ ಪಕ್ಷಕ್ಕೆ ಎಳೆದು ತರುತ್ತಾರೆ. ಸಲ್ಲದು, ಆತ ಕೊಟ್ಟ ಅಂಗಡಿಯಾದರೂ ನಿಜವಾಗಿತ್ತು.

ಸಿದ್ಧಾಂತ. ಪ್ರತ್ಯಕ್ಷಕ್ಕೆ ಇಂದ್ರಿಯ ಮತ್ತು ವಸ್ತುವಿನ ಸನ್ನಿಕರ್ಷ, ಎಂದರೆ ನೇರ ಸಂಪರ್ಕ, ಬೇಕು. ಆದ್ದರಿಂದ ಮಾರುವ ಮುನ್ನ ಒಂದನ್ನು ಸ್ವಂತ ದುಡ್ಡಿನಲ್ಲಿ ಸ್ವಂತ ವಿಳಾಸಕ್ಕೆ ತರಿಸಿ, ಬಿಚ್ಚಿ, ಒಗೆದು, ಫೋಟೋವನ್ನು ತಾನೇ ತೆಗೆಯತಕ್ಕದ್ದು. ಇದಕ್ಕೆ ಶಿಷ್ಟಾಚಾರವೂ ಉಂಟು. ಅಮೆರಿಕದ ನಿಕ್ ಸ್ವಿನ್‌ಮರ್ನ್ 1999ರಲ್ಲಿ ಊರ ಅಂಗಡಿಯ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿ, ಆರ್ಡರ್ ಬಂದ ಮೇಲೆ ಅಲ್ಲೇ ಕೊಂಡು ಕಳಿಸಿದ. ಅದು ಜ್ಯಾಪೋಸ್ ಎಂಬ ಶೂ ಕಂಪನಿಯಾಯಿತು. ಆ ಕಂಪನಿಯೇ 2003ರಲ್ಲಿ, ಮಾರಾಟದ ಸುಮಾರು ಕಾಲುಭಾಗ ತರುತ್ತಿದ್ದ ಡ್ರಾಪ್‌ಶಿಪ್ಪಿಂಗನ್ನು ಕೈಬಿಟ್ಟಿತು. 2009ರಲ್ಲಿ ಅಮೆಜಾನ್ ಆ ಕಂಪನಿಯನ್ನೇ ಕೊಂಡಿತು.

ಸಪ್ಲೈಯರ್ ಬಸ್ಸಿನ ದೂರದಲ್ಲಿದ್ದರೆ ಸನ್ನಿಕರ್ಷ ಸುಲಭ. ಬೆಂಗಳೂರಿನವನಿಗೆ ಚನ್ನಪಟ್ಟಣ ಸುಮಾರು 60 ಕಿಲೋಮೀಟರ್. ಆಲೆ ಮರದ, ಅರಗಿನ ಬಣ್ಣದ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡಬಹುದು, ಮಾಡುವವರ ಜೊತೆ ಕೂತು ದರ ಮಾತಾಡಬಹುದು. ಆದರೆ ಇಲ್ಲೊಂದು ಗಂಡಾಂತರವಿದೆ. ಹೋದವನು ಸ್ಯಾಂಪಲ್ಲಿಗೆಂದು ಎರಡು ತರುತ್ತಾನೆ. ಹಬ್ಬ ಹತ್ತಿರ ಬಂತೆಂದು ಇಪ್ಪತ್ತು ತರುತ್ತಾನೆ. ಮಂಚದ ಕೆಳಗೆ ರಟ್ಟಿನ ಡಬ್ಬಗಳು ಸೇರುತ್ತವೆ. ಹೆಂಡತಿ “ಇದೆಲ್ಲ ಏನ್ರೀ?” ಎಂದು ಕೇಳಿದಾಗ ಅಭಾವದ ಅಭಾವ ಭಾವವೇ ಎಂಬ ನ್ಯಾಯಮತವನ್ನು ಉದ್ಧರಿಸಬಹುದು, ಆದರೆ ಜಾಗ ಗುಡಿಸಲು ಅದರಿಂದ ಅನುಕೂಲವಾಗುವುದಿಲ್ಲ.

ಇಲ್ಲಿಗೆ ಖಾಲಿ ಗೋದಾಮಿನ ಮೀಮಾಂಸೆಯ ಪ್ರಥಮಾಧ್ಯಾಯ ಮುಗಿಯಿತು. ದ್ವಿತೀಯಾಧ್ಯಾಯವನ್ನು ಬೇರೊಬ್ಬ ಪಂಡಿತರು ತಮ್ಮಲ್ಲಿಂದಲೇ ನೇರವಾಗಿ ಓದುಗರ ಮನೆಗೆ ಕಳಿಸುವ ಏರ್ಪಾಡಾಗಿದೆ. ತಲುಪದಿದ್ದರೆ ದೂರು ಬರೆಯಿರಿ. ಬಂದದ್ದನ್ನು 48 ಗಂಟೆಯೊಳಗೆ ಖಂಡಿತ ತಿಳಿಸಲಾಗುವುದು.