ದುಡ್ಡು ಕೊಟ್ಟು ಹಗ್ಗ ಎಳೆಯುವ ಭಾಗ್ಯ

ತುಮಕೂರಿನವರು ಸಮುದ್ರ ಕಾಣದ ಜನ ಅಂತ ಕರಾವಳಿಯವರು ಗೇಲಿ ಮಾಡುವುದುಂಟು. ಮಾಡಿಕೊಳ್ಳಲಿ. ನಮ್ಮೂರ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ ಅನ್ನುವುದು ಅವರಿಗೇನು ಗೊತ್ತು? ಸೊಪ್ಪು ತರಲು ಹೊರಟರೂ ಸೈ, ಬ್ಯಾಂಕಿಗೆ ಹೊರಟರೂ ಸೈ, ಬೆಳಗಾದರೆ ನಾವು ಓಡಾಡುವುದು ಸಮುದ್ರದ ದಾರಿಯಲ್ಲೇ. ಅದೇ ದಾರಿ ಹಿಡಿದು ಮುಂದಕ್ಕೆ ಹೋದರೆ ಗುಬ್ಬಿ. ಇನ್ನು ಕುಣಿಗಲ್ಲಿನವರು ಕೂತಿರುವುದು ಮಂಗಳೂರು ಹೆದ್ದಾರಿಯ ಮಗ್ಗುಲಲ್ಲಿ. ಮೂರು ಊರಿನವರೂ ಅರಬ್ಬೀ ಸಮುದ್ರಕ್ಕೆ ಮುಖ ಮಾಡಿಯೇ ಕೂತವರು. ಎದ್ದು ಹೋಗಿಲ್ಲ, ಅಷ್ಟೆ. ಹೊನ್ನಾವರದ ಕಡೆ ಮುಖ ಮಾಡಿದವನನ್ನು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಉಲ್ಟಾ ದಿಕ್ಕಿಗೆ ಕರೆದರೆ ಪಾಪ ಅವನಾದರೂ ಏನು ಮಾಡಿಯಾನು?

ನಾವು ಹೋಗದಿದ್ದರೂ ನಮ್ಮ ನೀರು ಹೋಗುತ್ತದೆ. ದೇವರಾಯನದುರ್ಗದ ಜಯಮಂಗಲಿ ಉತ್ತರ ಪಿನಾಕಿನಿಯ ಜೊತೆ ಸೇರಿ ಆಂಧ್ರದ ಕಡೆ ನಡೆಯುತ್ತಾಳೆ. ಅಲ್ಲೇ ಹುಟ್ಟಿದ ಶಿಂಷಾ ಗುಬ್ಬಿ ತಾಲ್ಲೂಕು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡು ಕಾವೇರಿಯನ್ನು ಸೇರುತ್ತಾಳೆ. ಇಬ್ಬರಿಗೂ ಕೊನೆಗೆ ಬಂಗಾಳ ಕೊಲ್ಲಿಯೇ ಗತಿ. ಮಾರ್ಕೋನಹಳ್ಳಿಯಲ್ಲಿ ನೀರು ತುಂಬಿದರೆ ಸೈಫನ್ ತಾನಾಗಿಯೇ ಎಳೆದು ಹೊರಗೆ ಬಿಡುತ್ತದೆ. ಗೇಟು ಎತ್ತಲು ಯಾರೂ ಬರಬೇಕಿಲ್ಲ, ‘ಹೋಗು’ ಅಂತ ಯಾರೂ ಹೇಳಬೇಕಿಲ್ಲ. ದಾರಿ ಪಡುವಣ ಕಡಲಿಗೆ, ನೀರು ಮೂಡಣ ಕಡಲಿಗೆ. ನಡುವೆ ನಾವು. ಎಲ್ಲಿಗಾದರೂ ಹೋಗೋಣವಾ ಅಂದರೆ ನಮ್ಮ ಜಿಲ್ಲೆಯಲ್ಲಿ ಬರುವ ಉತ್ತರ ಒಂದೇ: ‘ನೋಡೋಣ.’

ಇಂಥ ಸೀಮೆಯಲ್ಲಿ ಹುಟ್ಟಿದ ನನ್ನ ಭಾವಮೈದನಿಗೆ ಹಾಯಿಹಡಗಿನ ಹುಚ್ಚು ಹಿಡಿದಿದೆ. ಗುಬ್ಬಿ ನನ್ನ ಹೆಂಡತಿಯ ತವರು. ಭಾವಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ವಾರದ ಕೊನೆಗೆ ಊರಿಗೆ ಬಂದು ಮಲಗುವವನು. ಹಬ್ಬದ ಊಟ ಮುಗಿಸಿ ಎಲ್ಲರೂ ಜಗಲಿಯ ಮೇಲೆ ಅಡಕೆ ಜಗಿಯುತ್ತಿದ್ದಾಗ ಹೇಳಿಯೇ ಬಿಟ್ಟ: “ಭಾವ, ನಾನು ಈ ಸಲ ಹಡಗಿನಲ್ಲಿ ಸಿಬ್ಬಂದಿಯಾಗಿ ಸೇರಿಕೊಂಡು ಸಮುದ್ರ ದಾಟ್ತೀನಿ.”

ಕುಣಿಗಲ್ಲಿನಿಂದ ಬಂದಿದ್ದ ಅವನ ಸೋದರಮಾವ ಕಿವಿ ನೆಟ್ಟಗೆ ಮಾಡಿದರು. “ಇರೋ ಕೆಲ್ಸ ಬಿಟ್ಬಿಟ್ಟೇನ್ಲಾ?”

“ಇಲ್ಲ ಮಾವ, ರಜಾ ಹಾಕಿ ಹೋಗೋದು.”

“ಸರಿ. ಸಂಬ್ಳ ಎಷ್ಟು ಕೊಡ್ತಾರೆ?”

“ಅವರು ಕೊಡೋದಲ್ಲ ಮಾವ, ನಾವೇ ಕೊಡಬೇಕು.”

ಮಾವ ಬಾಯಲ್ಲಿದ್ದ ಅಡಕೆ ಉಗಿದು ಬಂದು ಕೂತರು. ಈ ವಿಷಯ ಅಡಕೆ ಜಗಿಯುತ್ತಾ ಕೇಳುವಂಥದ್ದಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಭಾವಮೈದ ಫೋನಿನಲ್ಲಿ ಒಂದು ಹಡಗು ತೋರಿಸಿದ. ಬಾರ್ಕ್ ಯುರೋಪಾ. ಡಚ್ಚರದು, ಮೂರು ಕಂಬದ್ದು. 1911ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಟ್ಟಿದಾಗ ಎಲ್ಬೆ ನದಿಯ ಬಾಯಲ್ಲಿ ಲಂಗರು ಹಾಕಿಕೊಂಡು ಮಿಕ್ಕ ಹಡಗುಗಳಿಗೆ ದೀಪ ತೋರಿಸುವುದೇ ಅದರ ಕೆಲಸ. ಮುದಿಯಾದ ಮೇಲೆ ಕಂಬ ನೆಟ್ಟು, ಪಟ ಕಟ್ಟಿ ಊರೂರು ಸುತ್ತಲು ಬಿಟ್ಟಿದ್ದಾರೆ. ಅರ್ಜೆಂಟೀನಾದ ತುತ್ತತುದಿಯ ಊಶ್ವಾಯಾ ಊರಿನಿಂದ ಅಂಟಾರ್ಕ್ಟಿಕಾಕ್ಕೆ ಹೋಗಿ ಬರುತ್ತದೆ. ಹತ್ತಲು ಈಜಿನ ಪದಕ ಬೇಡ, ನಾವಿಕನ ಸರ್ಟಿಫಿಕೇಟು ಬೇಡ. ಗಟ್ಟಿ ಮೈ ಮತ್ತು ಹಲವು ಸಾವಿರ ಯೂರೋ ಇದ್ದರೆ ಸಾಕು. ಮಾವನಿಗೆ ಯಾವ ದುಡ್ಡನ್ನೂ ಕೊಬ್ಬರಿಯ ಕ್ವಿಂಟಾಲಿಗೆ ಬದಲಾಯಿಸದೆ ಅರ್ಥವಾಗುವುದಿಲ್ಲ. ತಿಪಟೂರು ಮಾರ್ಕೆಟ್ಟಿನ ಆ ವಾರದ ರೇಟು ಹಿಡಿದು ಬೆರಳು ಮಡಚಿದರು. ಮುಖ ಕಪ್ಪಿಟ್ಟಿತು.

“ಅಷ್ಟು ಕೊಟ್ಟರೆ ರಾಜನ ಹಾಗೆ ಮಲಗಿಸಿಕೊಂಡು ಹೋಗ್ತಾರೆ, ಅಲ್ವಾ?”

ಎಲ್ಲಿಯ ಮಲಗುವುದು! ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ನಡುರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿ ಬಿದ್ದವನನ್ನು ಕಂಬಳಿ ಕಿತ್ತು ಎಬ್ಬಿಸುತ್ತಾರೆ. ಒಬ್ಬ ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬ ಮೂತಿಯ ಹತ್ತಿರ ನಿಂತು ಕತ್ತಲೆಯಲ್ಲಿ ದೀಪವೋ ಮಂಜುಗಡ್ಡೆಯೋ ಕಂಡೀತೇ ಅಂತ ಕಣ್ಣು ನೆಟ್ಟಿರಬೇಕು, ಉಳಿದವರು ಹಗ್ಗಕ್ಕೆ. ಹಗಲಾದರೆ ಕಟ್ಟೆ ತೊಳೆಯುವುದು, ತಾಮ್ರ ಹಿತ್ತಾಳೆ ಉಜ್ಜುವುದು, ಆಲೂಗಡ್ಡೆ ಸಿಪ್ಪೆ ತೆಗೆಯುವುದು. ಗಾಳಿ ಜೋರಾದರೆ ಬಲೆಯೇಣಿ ಹಿಡಿದು ಕಂಬದ ಮೇಲೇರಿ, ಅಡ್ಡಮರದ ಕೆಳಗೆ ಜೋತುಬಿದ್ದ ಒಂದೇ ಹಗ್ಗದ ಮೇಲೆ ಕಾಲೂರಿ, ಹೊಟ್ಟೆಯನ್ನು ಮರಕ್ಕೆ ಒತ್ತಿಕೊಂಡು, ಒದ್ದೆ ಪಟವನ್ನು ಉಗುರಿನಲ್ಲಿ ಬಾಚಿ ಮಡಚಿ ಕಟ್ಟಬೇಕು. ಒಂದು ಕೈ ಹಡಗಿಗೆ, ಒಂದು ಕೈ ನಿನ್ನ ಜೀವಕ್ಕೆ ಅನ್ನುವುದು ಅಲ್ಲಿನ ಹಳೆಯ ನಿಯಮ. ಸೆಲ್ಫಿಗೆ ಮೂರನೆಯ ಕೈಯನ್ನು ಮನೆಯಿಂದಲೇ ತಂದಿರಬೇಕು.

ಮಾವ ಕೊನೆಗೂ ಬಾಯಿ ಬಿಟ್ಟರು: “ನಮ್ಮ ತೋಟದಲ್ಲಿ ಮರ ಹತ್ತೋನಿಗೆ ಮರಕ್ಕಿಷ್ಟು ಅಂತ ನಾನು ದುಡ್ಡು ಕೊಡ್ತೀನಿ, ಮೇಲೆ ಕಾಫಿ ಕೊಡ್ತೀನಿ. ಅವನು ಹತ್ತೋಕೆ ಮುಂಚೆ ಇನ್ನೂರು ಸಲ ಕರೆಸ್ಕೋತಾನೆ. ಅಲ್ಲಿ ಹತ್ತೋನೇ ದುಡ್ಡು ಕೊಡ್ತಾನೆ. ಆ ಡಚ್ಚರ ಫೋನ್ ನಂಬರ್ ಕೊಡ್ಲಾ ಅಳಿಯ, ನಮ್ಮ ತೋಟಕ್ಕೂ ಅಂಥೋರನ್ನ ಕಳಿಸ್ತಾರೇನೋ ಕೇಳ್ತೀನಿ.”

ಬಾಗಿಲ ಬಳಿ ನಿಂತಿದ್ದ ಅತ್ತೆ ಸೆರಗಿಗೆ ಕೈ ಒರೆಸುತ್ತಾ ಮಗನನ್ನು ದಿಟ್ಟಿಸಿದರು. “ಮಹಡಿ ಮೇಲಿನ ನೀರಿನ ಟ್ಯಾಂಕು ತೊಳಿಯಪ್ಪಾ ಅಂತ ಯುಗಾದಿಯಿಂದ ಹೇಳ್ತಿದ್ದೀನಿ. ತಲೆ ಸುತ್ತುತ್ತೆ ಅಂದವನು ನೀನೇ ತಾನೆ?” ಇಷ್ಟಕ್ಕೆ ಬಿಡಲಿಲ್ಲ. ನಮ್ಮ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ತಾರಿಣಿ ಅನ್ನುವ ಪುಟ್ಟ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು, ಪ್ರಪಂಚ ಸುತ್ತಿ, 2018ರ ಮೇ ತಿಂಗಳಲ್ಲಿ ಮರಳಿ ಬಂದದ್ದನ್ನು ಅವರು ಟಿ.ವಿ.ಯಲ್ಲಿ ನೋಡಿದ್ದರು. “254 ದಿವಸ ಕಣೋ. ಆ ಹುಡುಗೀರು ಹೊರಟಾಗ ಒಬ್ಬಳಾದ್ರೂ ತಲೆ ಸುತ್ತುತ್ತೆ ಅಂದ್ಲಾ?”

ಅಂದಿರಬಹುದು ಅತ್ತೆ, ಅಂತ ನಾನು ಒಳಗೇ ಅಂದುಕೊಂಡೆ. ಸಮುದ್ರದಲ್ಲಿ ತಲೆ ಸುತ್ತದವರು ಕಡಿಮೆ. ಕಣ್ಣು ‘ನೆಲ ಗಟ್ಟಿಯಾಗಿದೆ’ ಅನ್ನುತ್ತದೆ, ಒಳಗಿವಿ ‘ಇಲ್ಲ, ಅಲುಗಾಡುತ್ತಿದೆ’ ಅನ್ನುತ್ತದೆ, ಇಬ್ಬರ ಜಗಳಕ್ಕೆ ಹೊಟ್ಟೆ ದಂಡ ಕಟ್ಟುತ್ತದೆ. ಕೋಣೆಯೊಳಗೆ ಮುದುರಿಕೊಂಡವನಿಗೆ ಜಾಸ್ತಿ. ಮೇಲೆ ಬಂದು, ತಣ್ಣನೆ ಗಾಳಿಗೆ ಮುಖವೊಡ್ಡಿ, ಬಾನಂಚನ್ನು ನೋಡುತ್ತಾ ನಿಂತವನಿಗೆ ಕಡಿಮೆ. ಆದ್ದರಿಂದಲೇ ಹಡಗಿನವರು ಹಸಿರು ಮುಖದವನನ್ನು ಹುಡುಕಿ ಚುಕ್ಕಾಣಿ ಕೊಡುತ್ತಾರೆ. ಇಲ್ಲಿ ಹುಷಾರಿಲ್ಲ ಅಂದರೆ ರಜೆ. ಅಲ್ಲಿ ಹುಷಾರಿಲ್ಲ ಅಂದರೆ ಕೆಲಸ.

ಗುಬ್ಬಿಯವರಿಗೆ ಹಡಗೇಕೆ ಅಂತ ಮಾವ ಮತ್ತೆ ಕೆಣಕಿದರು. ಇಲ್ಲಿ ನಾನು ಭಾವಮೈದನ ಪಕ್ಷ ವಹಿಸಬೇಕಾಯಿತು. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ಪರದೆ ಏರಿಸಿ ಇಳಿಸುವ ಹಗ್ಗ–ರಾಟೆಗಳಿಗೆ ಹಡಗಿನ ಆಳುಗಳನ್ನೇ ಇಟ್ಟುಕೊಳ್ಳುತ್ತಿದ್ದರಂತೆ. ಅವರು ಸಿಳ್ಳೆಯಲ್ಲೇ ಮಾತಾಡಿಕೊಳ್ಳುತ್ತಿದ್ದರಿಂದ, ನೇಪಥ್ಯದಲ್ಲಿ ಬೇರೆ ಯಾರಾದರೂ ಸಿಳ್ಳೆ ಹಾಕಿದರೆ ತಲೆಯ ಮೇಲೆ ಪರದೆ ಬಿದ್ದೀತು ಅನ್ನುವ ಹೆದರಿಕೆ ಇಂದಿಗೂ ಇದೆಯಂತೆ. ಹಾಗಿದ್ದ ಮೇಲೆ 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರಿಗೆ, ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ ಊರಿಗೆ ಹಗ್ಗದ ಕಸುಬು ಪರಕೀಯವೇನಲ್ಲ. ಒಂದೇ ತೊಂದರೆ: ಗುಬ್ಬಿ ಸೀಮೆಯಲ್ಲಿ ಸಿಳ್ಳೆ ಹೊಡೆಯುವುದು ಮುಂದೆ ನೆಲದ ಮೇಲೆ ಕೂತವರ ಜನ್ಮಸಿದ್ಧ ಹಕ್ಕು. ಇನ್ನು ಭಾವಮೈದ ನೀರಿಗೆ ಬಿದ್ದರೂ ಭಯವಿಲ್ಲ. 2023ರ ಫೆಬ್ರವರಿಯಿಂದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯೇ ಇದೆ. ಊರವನು ಅಂತ ಹೇಳಿ ನೋಡಬಹುದು.

ಕುಣಿಗಲ್ಲಿನವರಿಗೆ ಮಾತ್ರ ಸಮುದ್ರದ ಮೇಲೆ ಸಿಟ್ಟಾಗಲು ಕಾರಣವಿದೆ. ಭೂಮಧ್ಯರೇಖೆಯಿಂದ ಮೂವತ್ತು ಡಿಗ್ರಿ ಆಚೀಚೆ ಗಾಳಿ ಸತ್ತುಹೋಗುವ ಒಂದು ಪಟ್ಟಿಯಿದೆ. ಅಲ್ಲಿ ಸಿಕ್ಕಿಬಿದ್ದ ಹಳೆಯ ಹಡಗುಗಳು ವಾರಗಟ್ಟಲೆ ಅಲ್ಲಾಡದೆ ನಿಂತು, ಕುಡಿಯುವ ನೀರು ಮುಗಿಯುತ್ತಾ ಬಂದಾಗ ಸಾಗಿಸುತ್ತಿದ್ದ ಕುದುರೆಗಳನ್ನೇ ಸಮುದ್ರಕ್ಕೆ ನೂಕುತ್ತಿದ್ದವು ಅನ್ನುವ ಕಥೆಯಿದೆ. ಟಿಪ್ಪು ಕಾಲದಿಂದ ಕುದುರೆ ಫಾರಂ ಇಟ್ಟುಕೊಂಡು, ರೇಸಿನ ಕುದುರೆಗಳಿಗೆ ಬಾಣಂತನ ಮಾಡಿದ ಊರಿನ ಮಾವ ಇದನ್ನು ಕೇಳಿ ಎದ್ದೇ ನಿಂತರು. “ಕುದುರೆ ತಳ್ಳೋ ಬದ್ಲು ದುಡ್ಡು ಕೊಟ್ಟು ಹತ್ತಿದ್ದ ಇಂಥೋರನ್ನ ತಳ್ಳಬಾರದಾಗಿತ್ತಾ?”

ಅಷ್ಟು ದೂರ ಯಾಕೆ, ನಮ್ಮದೇ ಹಡಗು ಇಲ್ಲವೇ ಅಂತ ಅತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇವೆ. ನೌಕಾಪಡೆಯ ತರಂಗಿಣಿ ಗೋವಾದಲ್ಲಿ ಕಟ್ಟಿದ್ದು, 1997ರಲ್ಲಿ ಸೇವೆಗೆ ಸೇರಿದ್ದು. ಮೂರು ಕಂಬ, 54 ಮೀಟರ್ ಉದ್ದ. 2003–04ರಲ್ಲಿ ಭೂಮಿಗೇ ಪ್ರದಕ್ಷಿಣೆ ಹಾಕಿ ಬಂದವಳು. ಅವಳ ತಂಗಿ ಸುದರ್ಶಿನಿ 2012ರಲ್ಲಿ ಸೇರಿದಳು. ಅದಕ್ಕಿಂತ ಸೋಜಿಗದ್ದು ಕೌಂಡಿನ್ಯ. ಅಜಂತಾದ ಗೋಡೆಯ ಮೇಲಿನ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿಕೊಂಡು, ಹಲಗೆಗೆ ಹಲಗೆ ಕೂಡಿಸಿ, ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಎಂಜಿನ್ನೂ ಇಲ್ಲ. ನೌಕಾಪಡೆ ಅದಕ್ಕೆ ಹೆಸರಿಟ್ಟು ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲಿ, 2025ರ ಮೇ 21ರಂದು. ಪಟದ ಮೇಲೆ ಏನು ಚಿತ್ರ ಗೊತ್ತೇ? ಗಂಡಭೇರುಂಡ! ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಮೇಲೆ ನೋಡಿ ನೋಡಿ ನಮಗೆ ಸಾಕಾದ ಹಕ್ಕಿ ಅದೇ ವರ್ಷದ ಡಿಸೆಂಬರ್ 29ಕ್ಕೆ ಪೋರ್‌ಬಂದರ್ ಬಿಟ್ಟು, ಜನವರಿಯಲ್ಲಿ ಮಸ್ಕತ್ ಮುಟ್ಟಿತು. ತೆಂಗಿನ ನಾರು ಅಂದ ಕೂಡಲೇ ಮಾವನ ಮುಖ ಅರಳಿತು. “ನಾರೇ? ನಾವು ಸಿಪ್ಪೆನೆಲ್ಲ ಒಲೆಗೆ ಹಾಕ್ತಾ ಇದ್ದೀವಲ್ಲೋ!” ಆದರೆ ಇವು ಯಾವುದಕ್ಕೂ ಟಿಕೆಟ್ಟಿಲ್ಲ. ನೌಕಾಪಡೆ ಸೇರಬೇಕು. ಭಾವಮೈದನ ಸೊಂಟದ ಸುತ್ತಳತೆ ನೋಡಿದರೆ ಡಚ್ಚರೇ ವಾಸಿ.

ತಮಾಷೆ ಸಾಕು. ಕೈಯಿಂದ ದುಡ್ಡು ಕೊಟ್ಟು ಮೈ ನೋಯಿಸಿಕೊಳ್ಳುವುದರಲ್ಲಿ ಅಂಥದ್ದೇನಿದೆ? ಭಾವಮೈದ ಒಂದು ಹಗ್ಗದ ಕಥೆ ಹೇಳಿದ. ಮೂರು ಕಂಬದ ಹಡಗಿನಲ್ಲಿ ನೂರಕ್ಕೂ ಹೆಚ್ಚು ಹಗ್ಗಗಳು ಮೇಲಿಂದ ಇಳಿದು, ಕಂಬದ ಬುಡದಲ್ಲೂ ಅಂಚಿನಲ್ಲೂ ಸಾಲಾಗಿ ನೆಟ್ಟ ಮರದ ಗೂಟಗಳಿಗೆ ಎಂಟರ ಆಕಾರದಲ್ಲಿ ಸುತ್ತಿಕೊಂಡಿರುತ್ತವೆ. ಯಾವುದಕ್ಕೂ ಚೀಟಿ ಅಂಟಿಸಿರುವುದಿಲ್ಲ. ಅಮಾವಾಸ್ಯೆಯ ರಾತ್ರಿ, ಮಳೆಯಲ್ಲಿ, ಕೈ ಮುಟ್ಟಿ ಎಣಿಸಿಕೊಂಡೇ ಸರಿಯಾದ ಗೂಟ ಹುಡುಕಬೇಕು. ಬಿಚ್ಚುವಾಗ ಸುತ್ತುಗಳನ್ನು ಒಂದೊಂದಾಗಿ ತೆಗೆದು, ಕೊನೆಯ ಸುತ್ತನ್ನು ಗೂಟದ ಮೇಲೇ ಉಳಿಸಿಕೊಳ್ಳಬೇಕು. ಆ ಒಂದು ಸುತ್ತಿನ ಉಜ್ಜಾಟವೇ ಮೇಲಿನ ಪಟದ ಭಾರವನ್ನು ತಡೆಯುವುದು. ಅವಸರ ಬಿದ್ದು ಅದನ್ನೂ ಬಿಚ್ಚಿದವನ ಅಂಗೈ ಸುಲಿದು ಹೋಗುತ್ತದೆ. ತಪ್ಪು ಹಗ್ಗ ಬಿಟ್ಟರೆ ಅಡ್ಡಮರವೇ ಕೆಳಗೆ ಬರುತ್ತದೆ, ಅದರ ಕೆಳಗೆ ಯಾರಾದರೂ ಇರುತ್ತಾರೆ. “ಆಫೀಸಿನಲ್ಲಿ ನಾನು ಒಂದು ವಾರ ಏನೂ ಮಾಡದೆ ಇದ್ರೂ ಯಾರಿಗೂ ಗೊತ್ತಾಗಲ್ಲ ಭಾವ. ಅಲ್ಲಿ ಎರಡು ನಿಮಿಷ ಮೈಮರೆತರೆ ಎಲ್ಲರಿಗೂ ಗೊತ್ತಾಗುತ್ತೆ.”

ಆಗ ನನಗೆ ಹೊಳೆಯಿತು. ದುಡ್ಡು ಕೊಟ್ಟು ಹಗ್ಗ ಎಳೆಯುವುದು ನಮಗೇನು ಹೊಸದು? ಗುಬ್ಬಿಯ ಚನ್ನಬಸವೇಶ್ವರನ ತೇರು, ಸಿದ್ಧಗಂಗೆಯ ತೇರು, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೇರು. ಬಿಸಿಲಲ್ಲಿ ಬರಿಗಾಲಲ್ಲಿ ನಿಂತು, ನಾ ಮುಂದು ತಾ ಮುಂದು ಅಂತ ನುಗ್ಗಿ ಮಿಣಿ ಹಿಡಿದು ಎಳೆದು, ಬೆವರು ಒರೆಸಿಕೊಂಡು ಹೋಗಿ ಹುಂಡಿಗೆ ಕಾಣಿಕೆ ಹಾಕಿ ಬರುತ್ತೇವೆ. ಕೂಲಿ ಎಷ್ಟು ಅಂತ ಒಬ್ಬನಾದರೂ ಕೇಳಿದ್ದುಂಟೇ? ಗಾಲಿಗೆ ತಡೆ ಕೊಡುವ ನಾಲ್ಕು ಜನಕ್ಕೆ ಮಾತ್ರ ಕೆಲಸ ಗೊತ್ತು, ಮಿಕ್ಕವರೆಲ್ಲ ಅವರ ಕೂಗಿಗೆ ಎಳೆಯುವವರು. ಡಚ್ಚರ ಹಡಗಿನಲ್ಲೂ ಅಷ್ಟೇ ಕಥೆ. ಒಬ್ಬನಿಂದ ಆಗದ್ದು, ಎಲ್ಲರೂ ಒಂದೇ ಉಸಿರಿಗೆ ಎಳೆದರೆ ಕದಲುತ್ತದಲ್ಲ, ಆ ಕದಲುವ ಗಳಿಗೆಗೆ ಮನುಷ್ಯ ಎಷ್ಟು ದುಡ್ಡು ಬೇಕಾದರೂ ಕೊಟ್ಟಾನು. ವ್ಯತ್ಯಾಸ ಇಷ್ಟೇ: ತೇರು ಪಾದಗಟ್ಟೆ ಮುಟ್ಟಿ ಸಂಜೆಯೊಳಗೆ ವಾಪಸು ಬರುತ್ತದೆ, ಮಧ್ಯದಲ್ಲಿ ಬೇಜಾರಾದರೆ ಪಾನಕ ಕುಡಿಯಲು ಜಾರಿಕೊಳ್ಳಬಹುದು. ಹಡಗಿನಿಂದ ಜಾರಿಕೊಂಡರೆ ಪಾನಕವಿಲ್ಲ, ಬರೀ ಉಪ್ಪುನೀರು.

ಈ ಮಾತಿಗೆ ಮಾವ ತಲೆದೂಗಿದರು. ಅತ್ತೆ ಕೂಡ ಕರಗಿ, ಹಡಗಿನಲ್ಲಿ ತಿನ್ನೋಕೆ ಚಟ್ನಿಪುಡಿ, ಕೋಡುಬಳೆ ಎಷ್ಟು ಕಟ್ಟಬೇಕು ಅಂತ ಲೆಕ್ಕಕ್ಕೆ ಇಳಿದರು. ಹೀಗೆ ಮನೆಮಂದಿಯೆಲ್ಲ ಒಪ್ಪಿ, ಸಮುದ್ರ ಸಿದ್ಧವಾಗಿ, ಗಾಳಿ ಕಾದು ನಿಂತಿರುವಾಗ ನಾನು ಕೇಳಿದೆ: “ಹಾಗಾದ್ರೆ ಯಾವಾಗಪ್ಪಾ ಹೊರಡೋದು? ದುಡ್ಡು ಕಟ್ಟೋದು ಯಾವತ್ತು?”

ಭಾವಮೈದ ಫೋನು ಜೇಬಿಗಿಟ್ಟು, ಕಾಲು ಚಾಚಿ ಗೋಡೆಗೆ ಒರಗಿದ.

“ನೋಡೋಣ ಭಾವ.”