ಮರುಭೂಮಿಗೆ ಕೂಜದ ನೀರು

ಒಬ್ಬನೇ ಪ್ರವಾಸ ಹೊರಡುವವನಿಗೆ ಎದುರಾಗುವ ಪ್ರಥಮ ವಿಘ್ನವೆಂದರೆ ಹಿತೈಷಿಗಳು. ಜೈಸಲ್ಮೇರಿಗೆ ಹೋಗುವ ನನ್ನ ಸಂಕಲ್ಪ ಪ್ರಕಟವಾದೊಡನೆ, ಶಿವಮೊಗ್ಗೆಯಿಂದಾಚೆಗೆ ಅಪರೂಪಕ್ಕೆ ಕಾಲಿಟ್ಟಿದ್ದ ಮಹನೀಯರೆಲ್ಲರೂ ಥಾರ್ ಮರುಭೂಮಿಯ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡತೊಡಗಿದರು. ಒಬ್ಬರು ಬಿರುಗಾಳಿಯನ್ನೂ ಮತ್ತೊಬ್ಬರು ಚೇಳನ್ನೂ ಇನ್ನೊಬ್ಬರು ಗಡಿಯಾಚೆಯ ಫಿರಂಗಿಯನ್ನೂ ನನ್ನ ಪಾಲಿಗೆ ಹಂಚಿದರು. ಸೋದರತ್ತೆ ಮಾತ್ರ ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಅಡಕಗೊಳಿಸಿದರು: “ಅಲ್ಲಿ ಕುಡಿಯಲಿಕ್ಕೆ ನೀರಾದ್ರೂ ಸಿಗ್ತದೇನೋ ಮಾರಾಯ?”

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಹುಟ್ಟಿ, ಒಗೆದ ಬಟ್ಟೆ ಒಣಗುವುದನ್ನೇ ಪರಮಸಿದ್ಧಿಯೆಂದು ಭಾವಿಸಿ ಬೆಳೆದವನಿಗೆ, ಸುಮಾರು 200 ಮಿಲಿಮೀಟರ್ ಮಳೆಯಲ್ಲೇ ಸಂವತ್ಸರವನ್ನು ಕಳೆಯುವ ಊರೊಂದುಂಟೆಂಬುದೇ ದಿಗಿಲಿನ ಸಂಗತಿ. ಆದುದರಿಂದ ಅತ್ತೆ ಅಟ್ಟದಿಂದಿಳಿಸಿ, ಹುಣಿಸೆಹಣ್ಣು ಹಾಕಿ ಬೆಳಗಿ, ಮನೆಯ ಬಾವಿಯ ನೀರು ತುಂಬಿಕೊಟ್ಟ ತಿರುಪಿನ ಮುಚ್ಚಳದ ತಾಮ್ರದ ಕೂಜವನ್ನು ನಾನು ನಿರಾಕರಿಸಲಿಲ್ಲ. ರಾವಲ್ ಜೈಸಲನು 1156ರಲ್ಲಿ ಸ್ಥಾಪಿಸಿದ ಆ ನಗರದ ಜನ ಅಂದಿನಿಂದ ಇಂದಿನವರೆಗೆ ಏನನ್ನಾದರೂ ಕುಡಿದೇ ಬದುಕಿರಬೇಕೆಂದು ವಿದ್ಯಾವಂತನಾದ ನಾನು ತರ್ಕಿಸಬಹುದಾಗಿತ್ತು. ಆದರೆ ಭಯಕ್ಕೂ ತರ್ಕಕ್ಕೂ ಎಂದು ತಾನೆ ಸಖ್ಯವಿದ್ದಿತು? ದಾರಿಯುದ್ದಕ್ಕೂ ಅಂಗಡಿಯ ನೀರನ್ನು ಕೊಂಡು ಕುಡಿದೆನೇ ಹೊರತು, ಆಪದ್ಧನವಾದ ಕೂಜದ ಮುಚ್ಚಳವನ್ನು ತಿರುಗಿಸಲಿಲ್ಲ.

ಜೋಧಪುರದಿಂದ ಹೊರಟ ರಾತ್ರಿಯ ರೈಲಿನಲ್ಲಿ ಮರಳೂ ಸಂದೇಹಗಳೂ ಜೊತೆಯಾಗಿಯೇ ಒಳನುಗ್ಗಿದವು. ಕಿಟಕಿಯನ್ನು ಎಷ್ಟು ಭದ್ರವಾಗಿ ಮುಚ್ಚಿದರೂ, ಬೆಳಗ್ಗೆ ಎದ್ದಾಗ ಹೊದಿಕೆಯ ಮೇಲೆ, ಹುಬ್ಬಿನಲ್ಲಿ, ಹಲ್ಲಿನ ಸಂದುಗಳಲ್ಲಿ ನವುರಾದ ಹುಡಿ. ನಿಲ್ದಾಣದಲ್ಲಿ ಹೋಟೆಲಿನ ದಲ್ಲಾಳಿಗಳು ನನ್ನನ್ನು ಸುತ್ತುಗಟ್ಟಿದರು. ನನ್ನ ಹಿಂದಿಯ ಕ್ರಿಯಾಪದಗಳಿಗೆ ಲಿಂಗವಿವೇಕವಿಲ್ಲವಾದುದರಿಂದ ಮಾತಿಗಿಂತ ಮೌನವೇ ಲೇಸೆಂದು ತಲೆತಗ್ಗಿಸಿ ನಡೆದೆ. ಹೊರಬೀಳುವ ಮುನ್ನ, ಹಿಂದಿರುಗುವ ರೈಲಿನ ವೇಳೆಯನ್ನು ಹಲಗೆಯ ಮೇಲೆ ಸಾವಧಾನವಾಗಿ ಓದಿಕೊಂಡೆ.

ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲುಗಳನ್ನು ದಾಟಿ ಏರಿದರೆ ಹಳದಿ ಕಲ್ಲಿನ ಕೋಟೆ. ಅದರೊಳಗೆ ಈಗಲೂ ಸಂಸಾರಗಳಿವೆ, ಒಲೆಗಳು ಉರಿಯುತ್ತವೆ, ಮಕ್ಕಳು ಪಾಠ ಒಪ್ಪಿಸುತ್ತವೆ. ಇಷ್ಟನ್ನು ಗ್ರಹಿಸುವಷ್ಟರಲ್ಲಿ, ಎರಡು ಆಳು ಅಗಲವೂ ಇಲ್ಲದ ಓಣಿಯೊಂದರಲ್ಲಿ ಗೂಳಿಯೊಂದು ನನಗೆ ಅಭಿಮುಖವಾಗಿ ದಯಮಾಡಿಸಿತು.

ಅದು ಹಾಯಲಿಲ್ಲ, ಗುಟುರು ಹಾಕಲಿಲ್ಲ. ಹಾಗೇನಾದರೂ ಮಾಡಿದ್ದರೆ ಓಡಿಹೋಗುವುದಕ್ಕೆ ಗೌರವಾನ್ವಿತವಾದ ಕಾರಣವಾದರೂ ದೊರೆಯುತ್ತಿತ್ತು. ಅದು ಸುಮ್ಮನೆ ಬಂದು, ಗೋಡೆಗೊರಗಿದ ನನ್ನ ಹೊಟ್ಟೆಯ ಸಮೀಪ, ಕೂಜಕ್ಕೆ ಮೂಗು ತಾಗಿಸಿ ನಿಂತಿತು. ನಾನು ಎಡಕ್ಕೆ ಸರಿದರೆ ಮೂಗೂ ಎಡಕ್ಕೆ. ಬಲಕ್ಕೆ ಸರಿದರೆ ಬಲಕ್ಕೆ. ನನ್ನ ಬೆನ್ನಿನ ಗೋಡೆಯ ಮೇಲೆ, ಆ ಊರಿನ ರೂಢಿಯಂತೆ, ಮದುವೆಯ ಕರೆಯೋಲೆಯನ್ನು ಗಣಪತಿಯ ಚಿತ್ರದೊಂದಿಗೆ ಬಣ್ಣದಲ್ಲಿ ಬರೆದಿದ್ದರು. ಮಾಡಲು ಬೇರೇನೂ ಕೆಲಸವಿಲ್ಲದ್ದರಿಂದ ಕತ್ತನ್ನು ಹೊರಳಿಸಿ ಅದನ್ನೇ ಓದತೊಡಗಿದೆ. ವಧುವಿನ ಹೆಸರು, ವರನ ಹೆಸರು, ತಿಥಿ, ಮುಹೂರ್ತ: ಮುಗಿಯಿತು, ಗೂಳಿ ಕದಲಲಿಲ್ಲ, ಮತ್ತೆ ಮೊದಲಿನಿಂದ ಓದಿದೆ. ಹೀಗೆ ಪಾರಾಯಣ ಸಾಗುತ್ತಿರಲು, ಗೂಳಿ ಬೀಗರ ಕಡೆಯದೆಂದೂ ಉಪಚಾರದಲ್ಲಿ ಲೋಪವಾದುದರಿಂದ ಮುನಿದು ನಿಂತಿದೆಯೆಂದೂ ನನಗೆ ದೃಢವಾಯಿತು. ಅಷ್ಟರಲ್ಲಿ ಗೂಳಿಯ ಹಿಂದೆ ಪ್ರವಾಸಿಗಳ ತಂಡವೊಂದು ಬಂದು ಸೇರಿತು. ಅವರಲ್ಲೊಬ್ಬನಾದರೂ ಬಾಲ ಹಿಡಿದೆಳೆದನೇ? ಇಲ್ಲ, ಎಲ್ಲರೂ ಫೋಟೋ ತೆಗೆದರು! ಮನುಷ್ಯನ ಸಂಕಟವನ್ನು ಚೌಕಟ್ಟಿನೊಳಗೆ ಹೊಂದಿಸಲು ಒಂದು ಹೆಜ್ಜೆ ಹಿಂದೆ ಸರಿಯುವ ಈ ಜನರ ವಿಷಯದಲ್ಲಿ ನನಗಿಂದಿಗೂ ಕ್ಷಮೆಯಿಲ್ಲ.

ಪಕ್ಕದ ಹೊಸ್ತಿಲಿನಿಂದ ಅಜ್ಜಿಯೊಬ್ಬರು, “ಪಾನೀ ಪಿಲಾ ದೋ ಬೇಟಾ, ಚಲಾ ಜಾಯೇಗಾ” ಎಂದು ಬೋಗುಣಿಯೊಂದನ್ನು ತಳ್ಳಿದರು. ನನ್ನ ಪ್ರಾಣಾಧಾರವೆಲ್ಲ ಗಳಗಳನೆ ಬೋಗುಣಿಗೆ ಇಳಿಯಿತು. ಗೂಳಿ ತುಂಗಾತೀರದ ಬಾವಿಯ ನೀರನ್ನು ಒಂದೇ ಉಸಿರಿಗೆ ಹೀರಿ, ಮೂತಿ ನೆಕ್ಕಿಕೊಂಡು, ಮುಂದಿನ ಮನೆಗೆ ನಡೆಯಿತು. ಅಜ್ಜಿ ಖಾಲಿ ಕೂಜವನ್ನು ಒಳಗೊಯ್ದು, ನಲ್ಲಿ ತಿರುಗಿಸಿ, ತುಂಬಿಸಿ ತಂದುಕೊಟ್ಟರು. ನಲ್ಲಿ!

ನಕ್ಕು ಮುಂದೆ ಹೋಗಬಹುದಿತ್ತು; ಆದರೆ ಕೋಟೆಯ ವ್ಯಾಧಿಗೆ ಈ ನಲ್ಲಿಯದೇ ಮುಖ್ಯ ಪಾಲು. ಹೆಂಗಸರು ಕೆಳಗಿನ ಗಡೀಸರ್ ಕೆರೆಯಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದ ಕಾಲದಲ್ಲಿ ಒಂದು ಹನಿಯೂ ವ್ಯರ್ಥವಾಗುತ್ತಿರಲಿಲ್ಲ. ಕೊಳವೆಯಲ್ಲಿ ನೀರು ಬಂದು, ಮನೆಗಳು ಅತಿಥಿಗೃಹಗಳಾದ ಮೇಲೆ, ಬಚ್ಚಲಿನ ನೀರು ಗುಡ್ಡದೊಳಗಿನ ಜೇಡಿಗೆ ಇಂಗಿ, 99 ಬುರುಜುಗಳ ಆ ಕೋಟೆಯ ಬುಡ ಸಡಿಲವಾಗಿ, ಕಟ್ಟಡಗಳು ಕುಸಿದುದುಂಟು. 1996ರಲ್ಲಿಯೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಹಂಡೆಗಟ್ಟಲೆ ಬಿಸಿನೀರು ಸುರಿದುಕೊಳ್ಳದೆ ಸ್ನಾನವಾಯಿತೆಂದು ಒಪ್ಪದ ಕುಲದವನು ನಾನು. ಅಂದು ಊರೊಳಗಿನ ಬಿಡಾರದಲ್ಲಿ ಅರ್ಧ ಬಕೆಟ್ಟಿಗೇ ಮೈ ಒರೆಸಿಕೊಂಡೆ.

ಆಮೇಲಿನದನ್ನು ವಿಸ್ತರಿಸುವ ಅಗತ್ಯವಿಲ್ಲ. ಪಟವೋಂ ಹವೇಲಿಯ ಕಲ್ಲಿನ ಕುಸುರಿಯ ಮುಂದೆ ಬಾಯ್ದೆರೆದು ನಿಂತೆ. ಸಜ್ಜೆಯ ರೊಟ್ಟಿಯೊಡನೆ ಕೇರ್-ಸಾಂಗ್ರಿ ಪಲ್ಯವನ್ನು ಎರಡನೆಯ ಬಾರಿ ಕೇಳಿ ಹಾಕಿಸಿಕೊಂಡೆ. ದಾರಿ ತಪ್ಪಿದಾಗ ಮೊದಲಿನಂತೆ ಎದೆ ಹೊಡೆದುಕೊಳ್ಳಲಿಲ್ಲ. ಸತ್ಯಜಿತ್ ರಾಯ್ ಅವರ 1974ರ ‘ಸೋನಾರ್ ಕೆಲ್ಲಾ’ ಚಿತ್ರದ ಮೋಹದಿಂದ ಬಂದ ಬಂಗಾಳಿ ಕುಟುಂಬವೊಂದು ಮರುದಿನ ನನ್ನನ್ನೇ ತಡೆದು ಜೈನ ಬಸದಿಗಳ ದಾರಿ ಕೇಳಿತು. ಲಿಂಗವಿವೇಕವಿಲ್ಲದ ಹಿಂದಿಯಲ್ಲಿ, ಕೈಯಲ್ಲಿ ಕೂಜ ಹಿಡಿದು, ಮೂರು ತಿರುವುಗಳ ಸಮೇತ ಸಾಂಗವಾಗಿ ವಿವರಿಸಿದೆ. “ತಾವು ಇಲ್ಲಿಯವರೇ?” ಎಂದು ಹಿರಿಯರು ವಿನಯದಿಂದ ವಿಚಾರಿಸಿದರು. ಅಲ್ಲವೆನ್ನಲು ನನಗೆ ಅಷ್ಟೇನೂ ಅವಸರವಿರಲಿಲ್ಲ.