ಪಟಾಪಟಿ ಚಡ್ಡಿಯ ವೀರ

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆಲ್ಲ ಒಂದು ಕಾಯಿಲೆ ಅಂಟಿರುತ್ತದೆ. ನಿಮಗೂ ಇದ್ದೇ ಇರುತ್ತದೆ, ಸುಮ್ಮನೆ ಒಪ್ಪಿಕೊಂಡುಬಿಡಿ. ‘ಚಿತ್ರ ತೆಗೆದುಹಾಕಿ ಮಾತು ಜೋಡಿಸಿದರೆ ಆಯ್ತು, ಕಾದಂಬರಿ!’ ಅನ್ನುವ ಭ್ರಮೆ ಅದು. 1964ರಲ್ಲಿ ಶುರುವಾದ ಆ ಮಾಲೆ 1990ಕ್ಕೆ ನಿಂತಿತು, ನನ್ನ ಕಾಯಿಲೆ ನಿಲ್ಲಲಿಲ್ಲ. ಸಾಲದ್ದಕ್ಕೆ, ಆ ಮಾಲೆಯ ವೀರ ಫ್ಯಾಂಟಮ್‌ನನ್ನು ಹುಟ್ಟಿಸಿದ ಲೀ ಫಾಕ್ ಅವರೇ 1972ರಲ್ಲಿ ಅವನ ಕತೆಯನ್ನು ಕಾದಂಬರಿ ಮಾಡಿದರೆಂದೂ, 1975ರ ಹೊತ್ತಿಗೆ ಅಂಥ 15 ಪುಸ್ತಕ ಬಂದಿದ್ದವೆಂದೂ ಎಲ್ಲಿಂದಲೋ ತಿಳಿದುಬಿಟ್ಟಿತು. ಅಮೆರಿಕದಲ್ಲಿ ಆಗುವುದು ನಮ್ಮೂರು ಅಗರದಲ್ಲಿ ಯಾಕಾಗಬಾರದು? ಕೊಳ್ಳೇಗಾಲಕ್ಕೆ ಹೋಗಿ ದಪ್ಪನೆಯ ನೋಟ್‌ಬುಕ್ಕು ಕೊಂಡು ಬಂದೆ.

ಎಡವಿದ್ದು ವಂಶಾವಳಿಯಲ್ಲೇ. ನಮ್ಮ ಫ್ಯಾಂಟಮ್ ಆ ಮನೆತನದ 21ನೆಯವನು. 1536ರಲ್ಲಿ ಕಡಲ್ಗಳ್ಳರು ಹಡಗಿಗೆ ನುಗ್ಗಿ ಮೊದಲನೆಯವನ ತಂದೆಯನ್ನು ಕೊಂದರು. ಬದುಕಿ ದಡ ಸೇರಿದ ಮಗ ಕೊಲೆಗಾರನ ತಲೆಬುರುಡೆ ಹಿಡಿದು ಪ್ರತಿಜ್ಞೆ ಮಾಡಿದ. ಕಾಮಿಕ್ಸ್ ಇಷ್ಟನ್ನು ಮೂರು ನಾಲ್ಕು ಚೌಕದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತದೆ. ನಾನು ಹೋಗಲಿಲ್ಲ. ಗದ್ಯ ಅಂದಮೇಲೆ ವಿವರ ಬೇಡವೇ? ಪ್ರತಿ ತಲೆಮಾರಿಗೂ ನಾಮಕರಣ, ಮದುವೆ, ಬೀಗರೂಟ ಎಲ್ಲ ಸಾಂಗವಾಗಿ ಮಾಡಿಸಿದೆ. ನೋಟ್‌ಬುಕ್ಕು ಮುಗಿದಾಗ ನಾಯಕ ಇನ್ನೂ ಹುಟ್ಟಿರಲಿಲ್ಲ. ಅವನ ಮುತ್ತಾತನಿಗೆ ಹೆಣ್ಣು ನೋಡುತ್ತಿದ್ದರು.

ಹೊಸ ನೋಟ್‌ಬುಕ್ಕಿನಲ್ಲಿ ಅವಸರಕ್ಕೆ ಅವನನ್ನು ಹುಟ್ಟಿಸಿ ಸೀದಾ ಹೊಡೆದಾಟಕ್ಕೇ ಇಳಿಸಿದೆ. ಚಿತ್ರದಲ್ಲಾದರೆ ಒಂದೇ ಚೌಕದೊಳಗೆ ಗುದ್ದೂ ಬೀಳುತ್ತದೆ, ಮಾತೂ ಮುಗಿಯುತ್ತದೆ. ಗುಳ್ಳೆಯೊಳಗಿನ ಮಾತಿಗೆ ಹೊತ್ತು ಹಿಡಿಯುವುದಿಲ್ಲ. ಗದ್ಯದಲ್ಲಿ ಹಿಡಿಯುತ್ತದೆ, ಅದೂ ನನ್ನಂಥವನ ಗದ್ಯದಲ್ಲಿ! ಖಳನನ್ನು ಬಂಡೆ ಮೇಲಿಂದ ತಳ್ಳಿಸಿ, ಅವನು ಬೀಳುತ್ತಿರುವಾಗಲೇ ಫ್ಯಾಂಟಮ್ ಬಾಯಲ್ಲಿ ಧರ್ಮದ ಮಾತಾಡಿಸಿದೆ. ಧರ್ಮ ಪುಟಗಟ್ಟಲೆ ಹರಿಯಿತು. ಓದಿದ ಗೆಳೆಯ ಮೆಲ್ಲಗೆ ಕೇಳಿದ: “ಅಲ್ಲ ಕನ, ಅವ ಇನ್ನೂ ನೆಲಕ್ಕೇ ಬಿದ್ದಿಲ್ವಲ್ಲ. ವಸಿ ಬೇಗ ಬೀಳಿಸ್ಬುಡು, ಪಾಪ.”

ಫ್ಯಾಂಟಮ್‌ನ ಡೆಂಕಾಲಿ ಕಾಡನ್ನು ನಾನು ಕಂಡವನಲ್ಲ, ಕಂಡ ಕಾಡಿಗೇ ಕರೆತರೋಣವೆಂದು ಕತೆಯನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತಿಸಿದೆ. ಬೆಟ್ಟಕ್ಕೆ ಹೆಸರು ತಂದ ಆ ಬಿಳಿ ಬಂಡೆಯ ಮುಂದೆ ಅವನ ಬಿಳಿ ಕುದುರೆಯನ್ನು ನಿಲ್ಲಿಸಿ ‘ಆಹಾ, ಎಂಥ ನೋಟ’ ಎಂದು ಬೀಗಿದೆ. ಬಿಳಿಯಲ್ಲಿ ಬಿಳಿ ಕರಗಿ ಕುದುರೆ ಮಾಯ. ಸವಾರ ಬರೀ ಗಾಳಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಹೋಗಲಿ ಎಂದು ಓಡಿಸಿದರೆ ಆ ಕಾಡಿನ ತುಂಬ ಲಂಟಾನ! ನಾಲ್ಕು ಹೆಜ್ಜೆಗೆ ನಾಯಕನ ಮೈಗಂಟಿದ ಉಡುಪು ಚಿಂದಿ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ ಬೇರೆ, ಕತ್ತಲಾದರೆ ಗೇಟು ಹಾಕುತ್ತಾರೆ. ಚಿತ್ರ ಬರೆಯುವವನಾದರೆ ಗೇಟನ್ನೇ ಬರೆಯದೆ ದಾಟಿಬಿಡುತ್ತಿದ್ದ. ನನಗೆ ಆ ಧೈರ್ಯ ಬರಲಿಲ್ಲ. ದುಷ್ಟರ ಎದೆ ನಡುಗಿಸುವ ನನ್ನ ವೀರ ಒಂದಿಡೀ ಅಧ್ಯಾಯ ಚೆಕ್‌ಪೋಸ್ಟಿನ ಪಕ್ಕ ಹರಿದ ಬಟ್ಟೆಯಲ್ಲಿ ಬೆಂಕಿ ಕಾಯಿಸುತ್ತಾ ಬೆಳಗಾಗಲೆಂದು ಕೂತ.

ಬಟ್ಟೆ ಅಂದೆನಲ್ಲ, ಆ ಮಾನ ಹೋದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಚಿತ್ರಕಾರನಿಗೆ ಉಡುಪೆಂದರೆ ಎರಡು ಗೆರೆ. ಕಾದಂಬರಿಕಾರನಿಗೆ ಅದು ಎಲ್ಲಿ ಬಿಗಿಯುತ್ತದೆ, ಎಲ್ಲಿ ಕಡಿಯುತ್ತದೆ ಎಂಬ ಅನುಭವ ಬೇಡವೇ? ಚಳಿಗೆಂದು ಇಟ್ಟಿದ್ದ ತುಂಬುತೋಳಿನ ಬನಿಯನ್ನಿಗೂ ಉದ್ದನೆಯ ಒಳಚಲ್ಲಣಕ್ಕೂ ಫ್ಯಾಂಟಮ್‌ನಂತೆ ನೇರಳೆ ಬಣ್ಣ ಅದ್ದಿ, ಒಣಗುವ ಮೊದಲೇ ತೊಟ್ಟೆ. ಮೇಲೊಂದು ಪಟ್ಟೆ ಚಡ್ಡಿ ಆಗಬೇಕಲ್ಲ? ಅದಕ್ಕೇನು ಬರ, ನಮ್ಮ ಕಡೆ ಪಟಾಪಟಿ ಚಡ್ಡಿ ಇಲ್ಲದ ಮನೆ ಎಲ್ಲಿದೆ! ಊರೆಲ್ಲ ಪಂಚೆಯೊಳಗೆ ಹಾಕುವುದನ್ನು ನಾನು ಎಲ್ಲದರ ಮೇಲೆ ಹಾಕಿ ಸೊಂಟಕ್ಕೆ ಕೈಯಿಟ್ಟು ನಿಂತೆ. ಬಾಗಿಲು ಮುಚ್ಚಿದ್ದೆ, ಅಗುಳಿ ಮರೆತಿದ್ದೆ. ಮನೆಗೆ ಬಂದ ನೆಂಟರು ಬಚ್ಚಲೆಂದುಕೊಂಡು ತಳ್ಳಿದರು. ಅವರ ಕೂಗಿಗೆ ಓಡಿಬಂದ ಅವ್ವ ಸಮಾಧಾನ ಹೇಳಿದ್ದು ಇಷ್ಟೇ: “ಹೆದ್ರಬ್ಯಾಡಿ, ನಮ್ಮೈದನೆಯ. ಕತೆ ಬರೀತಾವ್ನೆ.” ಬಣ್ಣ ಬಟ್ಟೆಗಿಂತ ನನ್ನ ಮೈಗೇ ಚೆನ್ನಾಗಿ ಹಿಡಿದಿತ್ತು.

ಆ ನೇರಳೆ ಕತ್ತಿನಲ್ಲೇ ಒಂದು ಸಂಜೆ ಜಗಲಿಯ ಮೇಲೆ ಕೂತು ಊರವರಿಗೆ ಓದಿದೆ. ಬಂದವರಲ್ಲಿ ಕಂಸಾಳೆಯ ಹಿರಿಯರೊಬ್ಬರೂ ಇದ್ದರು. ಅವರು ರಾತ್ರಿಯಿಡೀ ಮಾದಪ್ಪನ ಕತೆ ಹಾಡುವವರು. ಹುಲಿಯ ಮೇಲೆ ಮಾದಪ್ಪ ಬಂದ ಅಂತ ಅವರು ದನಿ ತೆಗೆದರೆ ಮುಂದೆ ಕೂತ ಜನ ದಾರಿ ಬಿಟ್ಟು ಸರಿಯುತ್ತಾರೆ. ಚಿತ್ರವಿಲ್ಲ, ಗುಳ್ಳೆಯಿಲ್ಲ, ಕೈಯಲ್ಲಿ ಕಂಚಿನ ತಾಳ ಅಷ್ಟೆ. ಅಂಥವರ ಮುಂದೆ ನಾನೂ ಕಡಿಮೆಯೇನಲ್ಲ ಎಂದು ತೋರಿಸಲು ಸ್ಫೋಟದ ಜಾಗದಲ್ಲಿ ಗಂಟಲು ಹರಿಯುವಂತೆ “ಡಮಾರ್!” ಎಂದೆ. ಜನ ಅಲುಗಲಿಲ್ಲ. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಅದರ ಹಿಂದೆ ನಾನು, ನನ್ನ ಹಿಂದೆ ಕಳಚಿದ ಪಂಚೆ. ಒಳಗಿದ್ದದ್ದು ಅದೇ ಪಟಾಪಟಿ. ಕಾದಂಬರಿ ಉದ್ದಕ್ಕೂ ಕಾಣದ ವೀರ ಕೊನೆಗೂ ಊರಿಗೆ ದರ್ಶನ ಕೊಟ್ಟ. ಎಮ್ಮೆ ಕಟ್ಟಿ ಬಂದಮೇಲೆ ಹಿರಿಯರು ಬೆನ್ನು ಸವರಿ, “ಚೆಂದಾಗದೆ ಬುದ್ಧಿ. ಆದ್ರೆ ಆ ಕುದ್ರೆ ಬೆಳಗಿಂದ ಏನೂ ತಿಂದಿಲ್ಲ” ಅಂದರು.

ಕುದುರೆಗೆ ಹುಲ್ಲು ಹಾಕುವ ಅಧ್ಯಾಯ ಬರೆಯುತ್ತಿದ್ದಾಗ ಅಕ್ಕನ ಮಗಳು ನೋಟ್‌ಬುಕ್ಕು ಕೇಳಿ ಒಯ್ದಳು. ವಾಪಸು ಬಂದಾಗ ಪುಟಗಳ ಮೇಲೆಲ್ಲ ಚೌಕ! ಬಣ್ಣದ ಪೆನ್ಸಿಲ್ಲಿನಲ್ಲಿ ಕುದುರೆ, ಗೇಟು, ಗಾಳಿಯಲ್ಲೇ ಉಳಿದ ಖಳ, ಅವನ ಹಿಂದೊಂದು ಎಮ್ಮೆ. ಈಗ ಅದು ಅಗರ ದಾಟಿ ಮಾಂಬಳ್ಳಿಯಲ್ಲೂ ಕೈಯಿಂದ ಕೈಗೆ ಓಡಾಡುತ್ತಿದೆ. ನಾನು ಬರೆದದ್ದರಲ್ಲಿ ಅವಳು ಉಳಿಸಿಕೊಂಡಿರುವುದು ‘ಡಮಾರ್’ ಒಂದೇ. ಅದಕ್ಕೂ ಡಕಾರದ ಕಾಲು ಸೀಳಿ ‘ಢಮಾರ್’ ಎಂದು ತಿದ್ದಿದ್ದಾಳೆ.